ಜರ್ಮನ್ ಕಲಿಯಲು ಕನ್ನಡ ಮಾಧ್ಯಮ ಬಿಡಬೇಕೇ?

ಮಗಳು ಮುಂದೆ ಜರ್ಮನ್ ಕಲಿಯಲಿ ಎಂದು ಅವಳನ್ನು ತೀರ್ಥಹಳ್ಳಿಯ ಕನ್ನಡ ಶಾಲೆಯಿಂದ ಬಿಡಿಸಿ ಇಂಗ್ಲಿಷ್ ಮಾಧ್ಯಮಕ್ಕೆ ಹಾಕಬೇಕೇ ಎಂದು ಕೇಳಿದ್ದೀರಿ. ದಯವಿಟ್ಟು ಬೇಡ. ನಾನು ಹೊಸನಗರದ ಕಡೆಯವಳು, ಹತ್ತನೆಯವರೆಗೆ ಕನ್ನಡ ಮಾಧ್ಯಮ. ಶಿವಮೊಗ್ಗದಲ್ಲಿ ನರ್ಸಿಂಗ್ ಮುಗಿಸಿ, ಜರ್ಮನಿಯ ಆಸ್ಪತ್ರೆ ಕೆಲಸಕ್ಕೆಂದು ಬೆಂಗಳೂರಿನಲ್ಲಿ ಜರ್ಮನ್ ಕಲಿಯಲು ಕುಳಿತಾಗ ನನಗೂ ನಿಮ್ಮಂತೆಯೇ ಅನಿಸಿತ್ತು.

ಹಾಗಾಗಿ ಎಲ್ಲವನ್ನೂ ಇಂಗ್ಲಿಷಿನಲ್ಲಿ ಬರೆದುಕೊಂಡೆ. ನಾನು ಕೆಟ್ಟದ್ದು ಅಲ್ಲೇ. ಜರ್ಮನ್ ವಾಕ್ಯ ಕಿವಿಗೆ ಬಿದ್ದರೆ ಮೊದಲು ಇಂಗ್ಲಿಷಿಗೆ ತಿರುಗಿಸುತ್ತಿದ್ದೆ, ಆಮೇಲೆ ಕನ್ನಡದಲ್ಲಿ ಅರ್ಥ ಮಾಡಿಕೊಳ್ಳುತ್ತಿದ್ದೆ. ಜರ್ಮನ್ ಭಾಷೆಯ ಮಧ್ಯಮಕ್ಕಿಂತ ಮೇಲಿನ ಹಂತವಾದ ಬಿ2 ಪರೀಕ್ಷೆಯ ಆಲಿಸುವ ವಿಭಾಗದಲ್ಲಿ ಕೆಲವು ಭಾಗಗಳನ್ನು ಒಂದೇ ಸಲ ಕೇಳಿಸುತ್ತಾರೆ. ನಾನು ಮೊದಲ ವಾಕ್ಯ ಬಿಡಿಸಿಕೊಳ್ಳುವಷ್ಟರಲ್ಲಿ ಮೂರನೆಯದು ಮುಗಿದಿರುತ್ತಿತ್ತು. ಪ್ರತಿ ವಿಭಾಗಕ್ಕೂ ನೂರಕ್ಕೆ 60 ಬೇಕು, ನನಗೆ ಬರಲಿಲ್ಲ. ಸಿಕ್ಕಿದ್ದ ಕೆಲಸ ಕೈತಪ್ಪಿತು, ಸಾಲದ ಬಡ್ಡಿ ಉಳಿಯಿತು.

ಕಣ್ಣು ತೆರೆಸಿದ್ದು ಶಾಲೆಯಲ್ಲಿ ಬಾಯಿಪಾಠ ಮಾಡಿದ್ದ ವಿಭಕ್ತಿ. ರೋಗಿಗೆ ಮಾತ್ರೆ ಕೊಟ್ಟೆ ಎನ್ನುವಾಗ ನಮ್ಮಲ್ಲಿ ‘ಗೆ’ ಬರುತ್ತದೆ. ಜರ್ಮನ್‌ನಲ್ಲಿ ರೋಗಿ ಎಂಬ ಪದದ ಹಿಂದೆ ಬರುವ, ಇಂಗ್ಲಿಷಿನ ‘ದಿ’ಯಂಥ ‘ಡೇರ್’ ಹೋಗಿ ‘ಡೇಮ್’ ಆಗುತ್ತದೆ. ಅದೇ ಚತುರ್ಥಿ. ಅವರ ಅಧೀನ ವಾಕ್ಯದಲ್ಲಿ, ಅಂದರೆ ದೊಡ್ಡ ವಾಕ್ಯದೊಳಗೆ ಸೇರಿ ಬರುವ ಉಪವಾಕ್ಯದಲ್ಲಿ, ಕ್ರಿಯಾಪದ ಕೊನೆಗೆ ಬರುತ್ತದೆ, ನಮ್ಮದರಂತೆಯೇ. ಇಂಗ್ಲಿಷಿನಲ್ಲಿ ಇವೆರಡೂ ಇಲ್ಲ. ಟಿಪ್ಪಣಿಗಳನ್ನೆಲ್ಲ ಕನ್ನಡದಲ್ಲಿ ಹೊಸದಾಗಿ ಬರೆದೆ, ಮುಂದಿನ ಸಲ ತೇರ್ಗಡೆಯಾದೆ.

ಇನ್ನು ನೀತಿಯ ಮಾತು. 2020ರ ರಾಷ್ಟ್ರೀಯ ಶಿಕ್ಷಣ ನೀತಿ, ಸಾಧ್ಯವಿದ್ದಲ್ಲಿ ಕನಿಷ್ಠ ಐದನೆಯ ತರಗತಿಯವರೆಗೆ ಮನೆಮಾತಿನಲ್ಲಿ ಕಲಿಸಿ ಎನ್ನುತ್ತದೆ. ಪ್ರೌಢಶಾಲೆಯಲ್ಲಿ ಜರ್ಮನ್, ಜಪಾನಿ, ಕೊರಿಯನ್‌ನಂಥ ಭಾಷೆಗಳಿಗೂ ಅವಕಾಶ ಕೊಡಿ ಎನ್ನುತ್ತದೆ. ಎರಡೂ ಸರಿಯೇ. ಆದರೆ ಬೆಂಗಳೂರಿನ ದುಬಾರಿ ಶಾಲೆಯ ಮಗುವಿಗೆ ಸಿಗುವ ಫ್ರೆಂಚ್ ಮೇಷ್ಟ್ರಂಥವರನ್ನು ನಮ್ಮೂರಿನ ಸರ್ಕಾರಿ ಶಾಲೆಗೆ ಯಾರು ತರುತ್ತಾರೆ? ತಾಲ್ಲೂಕಿಗೆ ಒಬ್ಬರು ಶಿಕ್ಷಕರನ್ನು ಕೊಟ್ಟು, ವಾರಕ್ಕೆರಡು ದಿನ ಒಂದೊಂದು ಶಾಲೆಗೆ ಕಳಿಸಲಿ. ಅದಾಗದೆ ನ್ಯಾಯದ ಮಾತು ಕಾಗದದಲ್ಲೇ ಉಳಿಯುತ್ತದೆ.

ಮಗಳು ಕನ್ನಡ ವ್ಯಾಕರಣವನ್ನು ಗಟ್ಟಿಯಾಗಿ ಕಲಿಯಲಿ, ಇಂಗ್ಲಿಷನ್ನು ಒಂದು ಭಾಷೆಯಾಗಿ ಚೆನ್ನಾಗಿ ಓದಲಿ. ಜರ್ಮನ್ ಪಿಯುಸಿಯಲ್ಲಿ ಶುರುಮಾಡಿದರೂ ತಡವಲ್ಲ. ಜರ್ಮನ್ ಕಲಿಸುವ ಸಂಸ್ಥೆಯಾದ ಬೆಂಗಳೂರಿನ ಮ್ಯಾಕ್ಸ್ ಮುಲ್ಲರ್ ಭವನದ ಆನ್‌ಲೈನ್ ತರಗತಿಗಳಿವೆ. ಹಣ ಕಟ್ಟುವ ಮೊದಲು ಆಷಾಢದ ಮಳೆಯಲ್ಲಿ ನಿಮ್ಮ ಮನೆಗೆ ಕರೆಂಟು, ನೆಟ್‌ವರ್ಕ್ ಎಷ್ಟು ಹೊತ್ತು ಇರುತ್ತದೆ ನೋಡಿಕೊಳ್ಳಿ.