ಮೊಮ್ಮಗ ಫ್ರಾಟರ್ನಿಟಿ ಸೇರಿದರೆ ಗಾಬರಿ ಆಗಬೇಕಾ?

ಶಿರಸಿ ಕಡೆಯ ನಿವೃತ್ತ ಹೈಸ್ಕೂಲ್ ಮೇಷ್ಟ್ರೊಬ್ಬರು ನಮಗೆ ಬರೆದಿದ್ದಾರೆ. ಪತ್ರದ ಸಾರ ಇಷ್ಟು: "ಅಮೆರಿಕದಲ್ಲಿ ಇಂಜಿನಿಯರಿಂಗ್ ಓದುತ್ತಿರುವ ಮೊಮ್ಮಗ ಯಾವುದೋ ಫ್ರಾಟರ್ನಿಟಿ ಸೇರಿದ್ದಾನೆ. ಹೆಸರು ಕೇಳಿದರೆ ಮೂರು ಗ್ರೀಕ್ ಅಕ್ಷರ ಹೇಳುತ್ತಾನೆ. ಅಲ್ಲಿ ಏನು ಮಾಡ್ತೀರಿ ಅಂದರೆ, 'ಅಜ್ಜಾ, ಅದೆಲ್ಲ ಹೊರಗೆ ಹೇಳೋ ಹಾಗಿಲ್ಲ' ಅನ್ನುತ್ತಾನೆ. ಟೀವಿಯಲ್ಲಿ ನಾನು ನೋಡಿದ್ದು ಬರೀ ಕುಡಿತ, ಕುಣಿತ. ಈ ಹುಡುಗರು ಓದುವುದು ಯಾವಾಗ? ಇದು ನಮ್ಮ ರ‍್ಯಾಗಿಂಗ್ ಗುಂಪಿನ ಹಾಗೇ ಅಲ್ವಾ?"

ಮೇಷ್ಟ್ರೇ, ನಿಮ್ಮ ಗಾಬರಿ ಸುಮ್ನೆ ಹುಟ್ಟಿದ್ದಲ್ಲ. ಫ್ರಾಟರ್ನಿಟಿ ಅಂದರೆ ಅಮೆರಿಕದ ಕಾಲೇಜು ಹುಡುಗರು ಗ್ರೀಕ್ ಅಕ್ಷರಗಳ ಹೆಸರಿಟ್ಟು ಕಟ್ಟಿಕೊಳ್ಳುವ ಸಂಘ, ಎಷ್ಟೋ ಕಡೆ ಸದಸ್ಯರು ಒಂದೇ ಮನೆಯಲ್ಲಿ ಇರುತ್ತಾರೆ. ಆದರೆ ಟೀವಿ ತೋರಿಸುವುದು ಅರ್ಧ ಮಾತ್ರ. ಉಳಿದರ್ಧ ಹೇಳಬೇಕೆಂದರೆ ಒಂದೇ ಒಂದು ಚಾಪ್ಟರಿನ ಕಥೆ ಹೇಳುವುದು ಮೇಲು. ಚಾಪ್ಟರ್ ಅಂದರೆ ಒಂದು ಕಾಲೇಜಿನಲ್ಲಿರುವ ಶಾಖೆ. ಮೊದಲ ಶಾಖೆಗೆ ಸಾಮಾನ್ಯವಾಗಿ 'ಆಲ್ಫಾ' ಎಂದು ಹೆಸರು, ಎರಡನೆಯದಕ್ಕೆ 'ಬೀಟಾ'. ಗ್ರೀಕ್ ಅಕ್ಷರಗಳ ಈ ಚಾಳಿ ಶುರುವಾದದ್ದು 1776ರಲ್ಲಿ, ವರ್ಜೀನಿಯಾದ ವಿಲಿಯಂ ಅಂಡ್ ಮೇರಿ ಕಾಲೇಜಿನ 'ಫೈ ಬೀಟಾ ಕಪ್ಪಾ' ಎಂಬ ಸಂಘದಿಂದ. ಅಲ್ಲಿ ಹುಡುಗರು ಗುಟ್ಟಾಗಿ ಸೇರಿ ಚರ್ಚೆ ಮಾಡುತ್ತಿದ್ದರು, ಪ್ರಬಂಧ ಓದುತ್ತಿದ್ದರು. ಇವತ್ತು ಅದು ಗುಟ್ಟಿನ ಸಂಘವಾಗಿ ಉಳಿದಿಲ್ಲ. ಓದಿನಲ್ಲಿ ಮುಂದಿರುವವರಿಗೆ ಕೊಡುವ ಗೌರವವಾಗಿದೆ.

ನಾನು ಹೇಳಹೊರಟ ಚಾಪ್ಟರ್ ಇರುವುದು ನ್ಯೂಯಾರ್ಕ್ ರಾಜ್ಯದ ಇಥಾಕಾ ಊರಿನ ಕಾರ್ನೆಲ್ ವಿಶ್ವವಿದ್ಯಾಲಯದಲ್ಲಿ. ಸಂಘದ ಹೆಸರು ಆಲ್ಫಾ ಫೈ ಆಲ್ಫಾ, ಕಪ್ಪು ವಿದ್ಯಾರ್ಥಿಗಳು ಕಟ್ಟಿದ್ದು. ಕಾರ್ನೆಲ್ ಇರುವುದು ಗುಡ್ಡದ ಮೇಲೆ, ಊರು ಕೆಳಗೆ. ಯಾರು ಬೇಕಾದರೂ ಬಂದು ಯಾವ ವಿಷಯ ಬೇಕಾದರೂ ಕಲಿಯಬಹುದಾದ ಕಡೆ ಇದಾಗಬೇಕು ಎಂದು ಅದನ್ನು ಕಟ್ಟಿದ ಎಜ್ರಾ ಕಾರ್ನೆಲ್ ಹೇಳಿದ್ದರು. ಹಾಗಾಗಿ ಕಪ್ಪು ವಿದ್ಯಾರ್ಥಿಗಳಿಗೂ ಪ್ರವೇಶವಿತ್ತು. ಆದರೆ ಪ್ರವೇಶ ಸಿಕ್ಕಿತೆಂದರೆ ಎಲ್ಲ ಸಿಕ್ಕಿತು ಅಂತಲ್ಲವಲ್ಲ. ಅವರು ಕೆಳಗೆ ಊರಿನಲ್ಲಿ, ಕಪ್ಪು ಕುಟುಂಬಗಳ ಮನೆಗಳಲ್ಲಿ ಬಾಡಿಗೆಗೆ ಇರಬೇಕಿತ್ತು. ಬಿಳಿಯರ ಫ್ರಾಟರ್ನಿಟಿಗಳಲ್ಲಿ ಅವರಿಗೆ ಜಾಗವಿರಲಿಲ್ಲ. ಜಾಗ ಸಿಕ್ಕಿದ್ದು ಆ ಫ್ರಾಟರ್ನಿಟಿ ಮನೆಗಳ ಊಟದ ಕೋಣೆಯಲ್ಲಿ, ಬಡಿಸುವ ಕೆಲಸಕ್ಕೆ. ಫೀಸಿನ ದುಡ್ಡಿಗಾಗಿ ತಟ್ಟೆ ಎತ್ತುತ್ತಾ ಈ ಹುಡುಗರು ಒಂದು ವಿಷಯ ಗಮನಿಸಿದರು. ಅಲ್ಲಿ ಹಿರಿಯ ವಿದ್ಯಾರ್ಥಿ ಕಿರಿಯನ ಕೈ ಹಿಡಿಯುತ್ತಿದ್ದ. ಯಾವ ಪ್ರೊಫೆಸರು ಹೇಗೆ, ಯಾವ ಪರೀಕ್ಷೆಗೆ ಹೇಗೆ ಓದಬೇಕು ಅನ್ನುವ ತಿಳಿವಳಿಕೆ ಊಟದ ಮೇಜಿನ ಮೇಲೇ ಕೈಯಿಂದ ಕೈಗೆ ದಾಟುತ್ತಿತ್ತು.

1905ರಲ್ಲಿ ಹೊಸ ವರ್ಷದ ಕ್ಲಾಸು ಶುರುವಾದಾಗ, ಹಿಂದಿನ ವರ್ಷ ಇದ್ದ ಕಪ್ಪು ವಿದ್ಯಾರ್ಥಿಗಳಲ್ಲಿ 6 ಮಂದಿ ವಾಪಸ್ ಬರಲೇ ಇಲ್ಲ. ಇದ್ದವರೇ ಬೆರಳೆಣಿಕೆಯಷ್ಟು, ಅದರಲ್ಲಿ 6! ಬುದ್ಧಿ ಸಾಲದೆ ಹೋದರು ಅನ್ನುವ ಹಾಗಿಲ್ಲ. ಜೆಸ್ಸಿ ಫಾಸೆಟ್ ಎಂಬ ಕಪ್ಪು ಹೆಣ್ಣುಮಗಳು ಅದೇ 1905ರಲ್ಲಿ ಅದೇ ಕಾರ್ನೆಲ್‌ನಲ್ಲಿ ಪದವಿ ಪಡೆದಳು, ಅದೂ ಫೈ ಬೀಟಾ ಕಪ್ಪಾ ಗೌರವದ ಜೊತೆ. ಕೊರತೆ ಇದ್ದದ್ದು ದುಡ್ಡಿಗೆ ಮತ್ತು ಜೊತೆಗೆ. ಅರ್ಥವಾಗದ್ದನ್ನು ಕೇಳಲು ಪಕ್ಕದ ಕೋಣೆಯಲ್ಲಿ ಯಾರೂ ಇಲ್ಲದಿದ್ದರೆ ಜಾಣನೂ ಸೋಲುತ್ತಾನೆ. ಮೂವತ್ತು ವರ್ಷ ಪಾಠ ಮಾಡಿದ ನಿಮಗೆ ಇದನ್ನು ನಾನು ಹೇಳಬೇಕೇ?

ಉಳಿದವರು ಕೂಡಿ ಓದಲು ಶುರುಮಾಡಿದರು. ನಾರ್ತ್ ಆಲ್ಬನಿ ರಸ್ತೆಯ 421ನೇ ನಂಬರಿನ ಮನೆಯಲ್ಲಿ ಸಭೆ ಸೇರುತ್ತಿದ್ದರು. ಮುಂದಾಳು ಚಾರ್ಲ್ಸ್ ಪಾಯಿಂಡೆಕ್ಸ್‌ಟರ್ ಎಂಬ ಹಿರಿಯ ವಿದ್ಯಾರ್ಥಿ. ಆಮೇಲೆ ಜಗಳ ಹತ್ತಿತು. ಪಾಯಿಂಡೆಕ್ಸ್‌ಟರ್‌ಗೆ ಸಾಹಿತ್ಯ ಸಂಘವೇ ಸಾಕಿತ್ತು. ಕಿರಿಯರು ಮಾತ್ರ ಫ್ರಾಟರ್ನಿಟಿಯೇ ಆಗಬೇಕು ಎಂದು ಪಟ್ಟು ಹಿಡಿದರು. ಸಾಹಿತ್ಯ ಸಂಘ ಪದವಿಯ ಜೊತೆ ಮುಗಿದುಹೋಗುತ್ತದೆ, ಫ್ರಾಟರ್ನಿಟಿ ಆಯುಷ್ಯಪೂರ್ತಿ ಇರುತ್ತದೆ. 1906ರ ಡಿಸೆಂಬರ್ 4ರಂದು ಕಿರಿಯರ ಮಾತು ಗೆದ್ದಿತು, ಆಲ್ಫಾ ಫೈ ಆಲ್ಫಾ ಹುಟ್ಟಿತು. ಪಾಯಿಂಡೆಕ್ಸ್‌ಟರ್ ದೂರ ಸರಿದರು. ಸ್ಥಾಪಕರ ಪಟ್ಟಿಯಲ್ಲಿ ಅವರ ಹೆಸರಿಲ್ಲ. ಇದು ಅನ್ಯಾಯ ಅಂತಲೇ ನನ್ನ ಅನಿಸಿಕೆ. ಅವರು ಹುಡುಗರನ್ನು ಒಂದು ಕಡೆ ಕೂರಿಸದಿದ್ದರೆ ಜಗಳ ಆಡಲಿಕ್ಕಾದರೂ ಯಾರಿರುತ್ತಿದ್ದರು?

ಪಟ್ಟಿಯಲ್ಲಿರುವವರು ಏಳು ಜನ. ಸಂಘದವರು ಅವರನ್ನು 'ಏಳು ರತ್ನಗಳು' ಅನ್ನುತ್ತಾರೆ. ಏಳು ಅಂದ ಕೂಡಲೇ ನಿಮಗೆ ಬೆಳಗಾವಿ ನೆನಪಾಗಿರಬೇಕು. ಹತ್ತು ವರ್ಷದ ನಂತರ, 1916ರಲ್ಲಿ, ಅಲ್ಲಿ ಕೆಎಲ್‌ಇ ಸಂಸ್ಥೆ ಕಟ್ಟಿದವರೂ ಏಳು ಜನ, ನಾವು ಸಪ್ತರ್ಷಿಗಳು ಅನ್ನುತ್ತೇವೆ. ಬೆಂಗಳೂರಿನ ಒಕ್ಕಲಿಗರ ಸಂಘ ಹುಟ್ಟಿದ್ದಂತೂ ಇದೇ 1906ರಲ್ಲಿ. ಹಳ್ಳಿಯ ಹುಡುಗ ಊಟ, ವಸತಿ ಇಲ್ಲದೆ ಓದು ಬಿಡಬಾರದು ಎಂದು ನಮ್ಮಲ್ಲಿ ಊರೂರಿಗೆ ಸಮುದಾಯದ ಹಾಸ್ಟೆಲುಗಳು ಎದ್ದ ಕಾಲ ಅದು. ಅವರಿಗೂ ಇವರಿಗೂ ಪರಿಚಯವಿರಲಿಲ್ಲ, ಚಿಂತೆ ಮಾತ್ರ ಒಂದೇ.

ಆ ಏಳು ಜನ ಮುಂದೆ ಏನಾದರು? ಓದಿನ ಲೆಕ್ಕ ಕೇಳಿದವರು ನೀವು, ಅದಕ್ಕೇ ಹೇಳುತ್ತೇನೆ. ಹೆನ್ರಿ ಕ್ಯಾಲಿಸ್ ವೈದ್ಯರಾದರು, ಹೊವಾರ್ಡ್ ವಿಶ್ವವಿದ್ಯಾಲಯದಲ್ಲಿ ಪಾಠವನ್ನೂ ಮಾಡಿದರು. ಯೂಜೀನ್ ಜೋನ್ಸ್ ಕಪ್ಪು ಜನರ ಉದ್ಯೋಗಕ್ಕಾಗಿ ದುಡಿಯುವ ನ್ಯಾಷನಲ್ ಅರ್ಬನ್ ಲೀಗ್ ಅನ್ನು ವರ್ಷಗಟ್ಟಲೆ ನಡೆಸಿದರು. ಜಾರ್ಜ್ ಕೆಲ್ಲಿ ಇಂಜಿನಿಯರ್. ಚಾರ್ಲ್ಸ್ ಚಾಪ್‌ಮನ್ ಫ್ಲಾರಿಡಾದಲ್ಲಿ ಕೃಷಿ ಪ್ರಾಧ್ಯಾಪಕರು. ನಥಾನಿಯಲ್ ಮರ್ರೆ ವಾಷಿಂಗ್ಟನ್‌ನಲ್ಲಿ ನಿಮ್ಮ ಹಾಗೇ ಹೈಸ್ಕೂಲ್ ಮೇಷ್ಟ್ರು. ರಾಬರ್ಟ್ ಓಗಲ್ ಅಮೆರಿಕದ ಸೆನೆಟ್ಟಿನ ಸಮಿತಿಯೊಂದರ ಸಿಬ್ಬಂದಿಯಲ್ಲಿದ್ದರು.

ಏಳನೆಯವರು ವರ್ಟ್‌ನರ್ ಟ್ಯಾಂಡಿ. ಕೆಂಟಕಿಯಲ್ಲಿ ಮನೆ ಕಟ್ಟುವ ಗುತ್ತಿಗೆದಾರರ ಮಗ. ಕಾರ್ನೆಲ್‌ನಲ್ಲಿ ವಾಸ್ತುಶಿಲ್ಪ ಓದಿದರು. ಸಂಘದ ಪದಕದ ವಿನ್ಯಾಸ ಅವರದೇ. ನ್ಯೂಯಾರ್ಕ್ ರಾಜ್ಯದಲ್ಲಿ ನೋಂದಣಿಯಾದ ಮೊದಲ ಕಪ್ಪು ವಾಸ್ತುಶಿಲ್ಪಿ ಅವರು. ಹಾರ್ಲೆಮ್‌ನ ಸೇಂಟ್ ಫಿಲಿಪ್ಸ್ ಚರ್ಚನ್ನು ಜಾರ್ಜ್ ಫಾಸ್ಟರ್ ಜೊತೆ ಸೇರಿ ರೂಪಿಸಿದರು. ಕೂದಲಿನ ಎಣ್ಣೆ, ಕ್ರೀಮು ಮಾರಿ ಶ್ರೀಮಂತಳಾದ ಮೇಡಂ ಸಿ. ಜೆ. ವಾಕರ್‌ಗೆ ಹಡ್ಸನ್ ನದಿಯ ದಂಡೆಯಲ್ಲಿ ಬಿಳಿ ಕಂಬಗಳ ದೊಡ್ಡ ಬಂಗಲೆ ಕಟ್ಟಿಕೊಟ್ಟವರೂ ಇವರೇ. ಅದು ಇವತ್ತಿಗೂ ನಿಂತಿದೆ.

ಸಂಘ ಬೆಳೆದ ಮೇಲೂ ಓದಿನ ಗೀಳು ಹೋಗಲಿಲ್ಲ. 'ಹೈಸ್ಕೂಲಿಗೆ ಹೋಗಿ, ಕಾಲೇಜಿಗೆ ಹೋಗಿ' ಎಂಬ ಅಭಿಯಾನವನ್ನು 1920ರ ಸುಮಾರಿಗೆ ಶುರುಮಾಡಿದರು, ಇನ್ನೂ ನಡೆಸುತ್ತಿದ್ದಾರೆ. 1935ರಲ್ಲಿ ಡೊನಾಲ್ಡ್ ಮರ್ರೆ ಎಂಬ ಯುವಕನಿಗೆ ಬಣ್ಣದ ಕಾರಣಕ್ಕೆ ಮೇರಿಲ್ಯಾಂಡ್ ವಿಶ್ವವಿದ್ಯಾಲಯದ ಲಾ ಸ್ಕೂಲಿನ ಬಾಗಿಲು ಮುಚ್ಚಿದ್ದಾಗ, ಕೋರ್ಟಿನಲ್ಲಿ ವಾದಿಸಿ ತೆರೆಸಿದ ಚಾರ್ಲ್ಸ್ ಹ್ಯೂಸ್ಟನ್ ಮತ್ತು ಥರ್ಗುಡ್ ಮಾರ್ಷಲ್ ಇಬ್ಬರೂ ಈ ಸಂಘದವರೇ. ಮಾರ್ಷಲ್ ಮುಂದೆ ಸುಪ್ರೀಂ ಕೋರ್ಟ್ ನ್ಯಾಯಮೂರ್ತಿಯಾದರು. ಮಾರ್ಟಿನ್ ಲೂಥರ್ ಕಿಂಗ್ ಬಾಸ್ಟನ್ನಿನಲ್ಲಿ ಡಾಕ್ಟರೇಟ್ ಓದುವಾಗ ಸೇರಿದ್ದೂ ಇದನ್ನೇ. ವಾಷಿಂಗ್ಟನ್‌ನಲ್ಲಿ 2011ರಲ್ಲಿ ಕಿಂಗ್ ಸ್ಮಾರಕ ತಲೆ ಎತ್ತಿತಲ್ಲ, ಅದರ ಹಿಂದೆ ಬಿದ್ದು ಓಡಾಡಿದ್ದು ಇವರೇ.

ಇನ್ನು ರ‍್ಯಾಗಿಂಗ್ ವಿಷಯ. ಅಲ್ಲಿ ಅದಕ್ಕೆ ಹೇಜಿಂಗ್ ಅನ್ನುತ್ತಾರೆ. ಇದನ್ನು ಮುಚ್ಚಿಡುವುದು ಬೇಡ. ಇದೇ ಕಾರ್ನೆಲ್‌ನಲ್ಲಿ, 1873ರ ಅಕ್ಟೋಬರಿನಲ್ಲಿ, ಬೇರೊಂದು ಫ್ರಾಟರ್ನಿಟಿಯವರು ಹೊಸದಾಗಿ ಸೇರುವ ಮಾರ್ಟಿಮರ್ ಲೆಗೆಟ್ ಎಂಬ ಹುಡುಗನ ಕಣ್ಣಿಗೆ ಬಟ್ಟೆ ಕಟ್ಟಿ ರಾತ್ರಿ ಹೊರಗೆ ಕರೆದುಕೊಂಡು ಹೋದರು. ಇಥಾಕಾ ಸುತ್ತ ಬರೀ ಕೊರಕಲು, ಪ್ರಪಾತ. ಹುಡುಗ ಬಿದ್ದು ಸತ್ತ. ಆಲ್ಫಾ ಫೈ ಆಲ್ಫಾ ಕೂಡ ಈ ರೋಗದಿಂದ ತಪ್ಪಿಸಿಕೊಳ್ಳಲಿಲ್ಲ. 1989ರಲ್ಲಿ ಅಟ್ಲಾಂಟಾದ ಮೋರ್‌ಹೌಸ್ ಕಾಲೇಜಿನಲ್ಲಿ ಅದನ್ನು ಸೇರಹೊರಟ ವಿದ್ಯಾರ್ಥಿಯೊಬ್ಬ ತೀರಿಹೋದ. ಮರುವರ್ಷ ಕಪ್ಪು ಫ್ರಾಟರ್ನಿಟಿಗಳೆಲ್ಲ ಕೂಡಿ, ಸೇರುವ ಮುನ್ನ ತಿಂಗಳುಗಟ್ಟಲೆ ನಡೆಸುತ್ತಿದ್ದ 'ಪ್ಲೆಜಿಂಗ್' ಪದ್ಧತಿಯನ್ನೇ ರದ್ದು ಮಾಡಿದವು. ಕಾಗದದ ಮೇಲೆ ರದ್ದಾದದ್ದೆಲ್ಲ ಹಿತ್ತಲಿನಲ್ಲಿ ನಿಲ್ಲುವುದಿಲ್ಲ ಅನ್ನುವುದು ಬೇರೆ ಮಾತು.

ನಮ್ಮ ರ‍್ಯಾಗಿಂಗಿಗೂ ಇದಕ್ಕೂ ಒಂದು ವ್ಯತ್ಯಾಸವಿದೆ. ರ‍್ಯಾಗಿಂಗ್ ಕಾಲೇಜಿಗೆ ಬಂದ ಯಾವ ಹೊಸಬನನ್ನೂ ಬಿಡುವುದಿಲ್ಲ, ಅವನು ಬೇಡವೆಂದರೂ. ಹೇಜಿಂಗ್ ಒಳಗೆ ಸೇರಲು ಕೊಡುವ ಬೆಲೆ, ಹುಡುಗ ತಾನೇ ಹೋಗಿ ಕೊಡುತ್ತಾನೆ. ಅದಕ್ಕೇ ಅವನೇ ಅದನ್ನು ಮುಚ್ಚಿಡುತ್ತಾನೆ. ಹಾಗಾಗಿ "ಹೊರಗೆ ಹೇಳೋ ಹಾಗಿಲ್ಲ" ಅನ್ನುವ ಮಾತನ್ನು ಎರಡು ಭಾಗ ಮಾಡಿ ಕೇಳಿ. ದೀಕ್ಷೆಯ ಮಂತ್ರ, ಕೈ ಕುಲುಕುವ ರೀತಿ ಗುಟ್ಟಾಗಿದ್ದರೆ ಇರಲಿ, ಅದು ಎಲ್ಲ ಕಡೆಯೂ ಇದ್ದದ್ದೇ. ಸೇರುವಾಗ ನಿನ್ನಿಂದ ಏನು ಮಾಡಿಸಿದರು, ಕುಡಿಸಿದರಾ, ನಿದ್ದೆಗೆಡಿಸಿದರಾ, ಹೊಡೆದರಾ ಅನ್ನುವುದು ಗುಟ್ಟಾಗಿರಕೂಡದು.

ಓದಿನ ಬಗ್ಗೆ ಕೇಳುವುದು ಇನ್ನೂ ಸುಲಭ. ಎಷ್ಟೋ ವಿಶ್ವವಿದ್ಯಾಲಯಗಳು ಒಂದೊಂದು ಚಾಪ್ಟರಿನ ಸರಾಸರಿ ಅಂಕವನ್ನು ಸೆಮಿಸ್ಟರಿಗೊಮ್ಮೆ ಪ್ರಕಟಿಸುತ್ತವೆ. ಇಡೀ ಕಾಲೇಜಿನ ಸರಾಸರಿ ಪಕ್ಕದಲ್ಲೇ ಇರುತ್ತದೆ, ಹೋಲಿಸಿ ನೋಡಿ. 2024ರ ಕೊನೆಯಲ್ಲಿ ಅಮೆರಿಕದಲ್ಲಿ ಹೇಜಿಂಗ್ ವಿರುದ್ಧ ಒಂದು ಕೇಂದ್ರ ಕಾನೂನೂ ಬಂದಿದೆ. ಯಾವ ಸಂಘದ ಮೇಲೆ ಹೇಜಿಂಗ್ ಆರೋಪ ಸಾಬೀತಾಯಿತು ಅನ್ನುವುದನ್ನು ಕಾಲೇಜುಗಳು ಬಹಿರಂಗ ಮಾಡಬೇಕು. ಮೊಮ್ಮಗನ ಚಾಪ್ಟರಿನ ಹೆಸರು ಹಾಕಿ ಎರಡನ್ನೂ ನೋಡಬಹುದು. ಅವನನ್ನೇ ಕೂರಿಸಿಕೊಂಡು ನೋಡಿದರೆ ಇನ್ನೂ ಒಳ್ಳೆಯದು.

ಅಂದಹಾಗೆ ಅವನು ಸೇರಿದ್ದು ನಮ್ಮ ಕಡೆಯ ಹುಡುಗರೇ ಕಟ್ಟಿದ ಸಂಘವೂ ಇರಬಹುದು. 1998ರಲ್ಲಿ ಟೆಕ್ಸಾಸಿನ ಆಸ್ಟಿನ್‌ನಲ್ಲಿ ಡೆಲ್ಟಾ ಎಪ್ಸಿಲಾನ್ ಸೈ, ಮರುವರ್ಷ ಲಾಸ್ ಏಂಜಲೀಸ್‌ನಲ್ಲಿ ಬೀಟಾ ಕೈ ಥೀಟಾ ಅಂತ ದಕ್ಷಿಣ ಏಷ್ಯಾದ ವಿದ್ಯಾರ್ಥಿಗಳು ತಮ್ಮವೇ ಫ್ರಾಟರ್ನಿಟಿ ಮಾಡಿಕೊಂಡಿದ್ದಾರೆ. ಆ ಮೂರು ಅಕ್ಷರ ಯಾವುವು ಅಂತ ನೀವು ಪತ್ರದಲ್ಲಿ ಬರೆದಿಲ್ಲ. ಬರೆದು ಕಳಿಸಿ, ಅದರ ಹುಟ್ಟು ಯಾವಾಗ, ಎಲ್ಲಿ ಎಂದು ಹುಡುಕಿ ಹೇಳುತ್ತೇನೆ.

— ಸಂಪಾದಕ