ಹೆಡ್‌ಲೈಟ್ ಹಾಕಿದರೆ ಬೈಕ್ ನಿಲ್ಲುವುದೇಕೆ?

ಪ್ರಶ್ನೆ: ನನ್ನದು 1969ರ ಬ್ರಿಟಿಷ್ ಅವಳಿ ಸಿಲಿಂಡರ್ ಬೈಕ್, 12 ವೋಲ್ಟ್‌ನದು. ಪಾಯಿಂಟ್ (ಕಿಡಿ ಹೊಡೆಸುವ ಹಳೆಯ ಯಾಂತ್ರಿಕ ಸ್ವಿಚ್) ತೆಗೆಸಿ ಎಲೆಕ್ಟ್ರಾನಿಕ್ ಇಗ್ನಿಷನ್ ಹಾಕಿಸಿದ್ದೇನೆ. ಹಗಲಿನಲ್ಲಿ ಚೆನ್ನಾಗಿ ಓಡುತ್ತದೆ. ರಾತ್ರಿ ಹೆಡ್‌ಲೈಟ್ ಹಾಕಿ ಅರ್ಧ ಗಂಟೆ ಓಡಿಸಿದರೆ ಮಿಸ್ ಹೊಡೆಯುತ್ತದೆ, ಸಿಗ್ನಲ್‌ನಲ್ಲಿ ನಿಂತಾಗ ಎಂಜಿನ್ ಆಫ್ ಆಗುತ್ತದೆ. ಬ್ಯಾಟರಿ ಚಾರ್ಜ್ ಮಾಡಿದರೆ ಮತ್ತೆ ಸರಿ. ಇಗ್ನಿಷನ್ ಬಾಕ್ಸ್ ಕೆಟ್ಟಿದೆಯೇ? ಪಾಯಿಂಟ್‌ಗೇ ಮರಳಲೇ?

ಉತ್ತರ: ದಯವಿಟ್ಟು ಮರಳಬೇಡಿ. ಬ್ಯಾಟರಿ ಚಾರ್ಜ್ ಮಾಡಿದ ಕೂಡಲೇ ಬೈಕ್ ಸರಿಹೋಗುತ್ತದೆ ಎಂದು ನೀವೇ ಬರೆದಿದ್ದೀರಿ. ಬಾಕ್ಸ್ ಮೇಲೆ ಅನುಮಾನ ಪಡುವ ಮೊದಲು ಚಾರ್ಜಿಂಗ್ ನೋಡಬೇಕು.

ಪಾಯಿಂಟ್ ವ್ಯವಸ್ಥೆ ಬ್ಯಾಟರಿ ಸೊರಗಿದರೂ ಹೇಗೋ ಕಿಡಿ ಹೊಡೆಸುತ್ತದೆ. ಎಲೆಕ್ಟ್ರಾನಿಕ್ ಬಾಕ್ಸ್‌ಗೆ ಆ ಸಹನೆ ಇಲ್ಲ. ವೋಲ್ಟೇಜ್ ಒಂದು ಮಟ್ಟಕ್ಕಿಂತ ಇಳಿದರೆ ಮಿಸ್ ಹೊಡೆಯುತ್ತದೆ, ಕೆಲವು ಹಳೆಯ ವಿನ್ಯಾಸದವು ತಪ್ಪು ಹೊತ್ತಿಗೆ ಕಿಡಿ ಕೊಟ್ಟು ಕಿಕ್ಕರ್ ಕಾಲಿಗೆ ತಿರುಗಿ ಬಡಿಯುವಂತೆಯೂ ಮಾಡುತ್ತವೆ. 45 ವ್ಯಾಟ್‌ನ ಹೆಡ್‌ಲೈಟ್ ಒಂದೇ ಸುಮಾರು 4 ಆಂಪಿಯರ್ ಎಳೆಯುತ್ತದೆ. ಎಂಜಿನ್ ಐಡಲ್‌ನಲ್ಲಿದ್ದಾಗ ಹಳೆಯ ಆಲ್ಟರ್ನೇಟರ್ (ಎಂಜಿನ್ ತಿರುಗಿಸುವ ವಿದ್ಯುತ್ ಉತ್ಪಾದಕ) ಅಷ್ಟು ಕೊಡಲಾರದು, ಕೊರತೆಯನ್ನು ಬ್ಯಾಟರಿ ತುಂಬಬೇಕು. ಎಲ್‌ಇಡಿ ಬಲ್ಬ್ ಹಾಕಿಸಿದರೆ ಈ ಹೊರೆ ತುಂಬಾ ಇಳಿಯುತ್ತದೆ, ಆದರೆ ನಿಮ್ಮ ಬೈಕ್ ಪಾಸಿಟಿವ್ ಅರ್ತ್ (ಬ್ಯಾಟರಿಯ ಪ್ಲಸ್ ತುದಿಯೇ ಫ್ರೇಮ್‌ಗೆ ಜೋಡಿಸಿದ್ದು) ಆಗಿದ್ದರೆ ಅದಕ್ಕೆ ಹೊಂದುವ ಬಲ್ಬನ್ನೇ ಕೊಳ್ಳಿ.

ಮಲ್ಟಿಮೀಟರ್ ಹಿಡಿದು ಬ್ಯಾಟರಿಯಿಂದಲೇ ಶುರು ಮಾಡಿ. ರಾತ್ರಿಯಿಡೀ ಚಾರ್ಜ್ ಮಾಡಿ ಕೆಲವು ಗಂಟೆ ಬಿಟ್ಟು ಅಳೆದಾಗ 12.6 ವೋಲ್ಟ್ ಆಸುಪಾಸು ತೋರದಿದ್ದರೆ ಬ್ಯಾಟರಿಯನ್ನು ಬದಲಿಸಿ. ನಂತರ ಹೆಡ್‌ಲೈಟ್ ಹಾಕಿ ಎಂಜಿನನ್ನು 3000 ಆರ್‌ಪಿಎಂಗೆ ಏರಿಸಿ. 13.5ಕ್ಕಿಂತ ಮೇಲೆ ಬಂದರೆ ನೆಮ್ಮದಿ. 15 ದಾಟಿದರೆ ವೋಲ್ಟೇಜ್ ಮಿತಿ ಮೀರದಂತೆ ತಡೆಯುವ ರೆಗ್ಯುಲೇಟರ್ ಅಥವಾ ಝೀನರ್ ಡಯೋಡ್ ಕೆಟ್ಟಿದೆ. 12.5ರಲ್ಲೇ ನಿಂತರೆ ರೆಕ್ಟಿಫೈಯರ್ (ಎಸಿ ಕರೆಂಟನ್ನು ಡಿಸಿ ಮಾಡುವ ಭಾಗ), ಆಲ್ಟರ್ನೇಟರಿನ ಸ್ಥಿರ ಸುರುಳಿಯಾದ ಸ್ಟೇಟರ್‌ನ ತಂತಿಗಳು, ಅದರೊಳಗೆ ತಿರುಗುವ ರೋಟರ್‌ನ ಶಕ್ತಿ ಕುಂದಿದ ಮ್ಯಾಗ್ನೆಟ್ ಇವುಗಳಲ್ಲಿ ಯಾವುದಾದರೂ ಆಗಿರಬಹುದು.

ಮುಂದಿನ ಪರೀಕ್ಷೆಯನ್ನು ಹೆಚ್ಚಿನವರು ಮಾಡುವುದೇ ಇಲ್ಲ, ನನಗೆ ಬೇಸರ ತರುವ ಸಂಗತಿ ಇದೇ. ಎಂಜಿನ್ ಓಡುತ್ತಿರುವಾಗ ಮೀಟರಿನ ಒಂದು ಕಡ್ಡಿಯನ್ನು ಬ್ಯಾಟರಿಯ ಕರೆಂಟ್ ಹೊರಡುವ ತುದಿಗೂ ಇನ್ನೊಂದನ್ನು ಇಗ್ನಿಷನ್ ಬಾಕ್ಸ್‌ಗೆ ಕರೆಂಟ್ ತಲುಪುವ ತಂತಿಗೂ ಇಡಿ. ಅರ್ಧ ವೋಲ್ಟ್‌ಗಿಂತ ಹೆಚ್ಚು ವ್ಯತ್ಯಾಸ ಕಂಡರೆ ಬ್ಯಾಟರಿ ಎಷ್ಟೇ ತುಂಬಿದ್ದರೂ ಬಾಕ್ಸ್ ಹಸಿದೇ ಇರುತ್ತದೆ. ಕಪ್ಪಾದ ಕೀ ಸ್ವಿಚ್, ಸವೆದ ಕಿಲ್ ಸ್ವಿಚ್, ಸಡಿಲವಾದ ಫ್ಯೂಸ್ ಹೋಲ್ಡರ್ ಸಾಮಾನ್ಯ ಕಾರಣಗಳು. ಅರ್ತ್ ಕಡೆಯೂ ಹಾಗೆಯೇ ಅಳೆಯಿರಿ. ಹೊಸದಾಗಿ ಪೇಂಟ್ ಮಾಡಿಸಿದ ಫ್ರೇಮ್‌ನಲ್ಲಿ ಬಣ್ಣವೇ ಕರೆಂಟ್ ತಡೆಯುತ್ತದೆ, ಲೋಹ ಕಾಣುವವರೆಗೆ ಉಜ್ಜಿ ಅರ್ತ್ ತಂತಿಯನ್ನು ಬಿಗಿ ಮಾಡಿ.

ಒಂದು ಎಚ್ಚರಿಕೆ: ಎಂಜಿನ್ ಓಡುತ್ತಿರುವಾಗ ಬ್ಯಾಟರಿ ತಂತಿ ಕಳಚಬೇಡಿ, ಕಿಡಿ ನೋಡಲು ಪ್ಲಗ್ ಬಿಚ್ಚಿದರೆ ಅದನ್ನು ಎಂಜಿನ್‌ಗೆ ತಾಗಿಸದೆ ಕಿಕ್ ಮಾಡಬೇಡಿ. ಎರಡರಿಂದಲೂ ಬಾಕ್ಸ್ ಸುಡಬಹುದು.

ಇಷ್ಟೆಲ್ಲ ಸರಿಯಿದ್ದೂ ಮಿಸ್ ಮುಂದುವರಿದರೆ, ಆಗ ಬಾಕ್ಸ್ ಮತ್ತು ಕಾಯಿಲ್‌ಗಳನ್ನು (ಪ್ಲಗ್‌ಗೆ ಹೆಚ್ಚು ವೋಲ್ಟೇಜ್ ಕೊಡುವ ಸುರುಳಿಗಳು) ಪರೀಕ್ಷೆಗೆ ಕೊಡಿ.