ಧಾರೆಯ ಚಿತ್ರಗಳಲ್ಲಿ ಕಪ್ಪು ಅಡ್ಡಪಟ್ಟಿ: ಪ್ರತಿಕ್ರಿಯೆ

ನಮಸ್ಕಾರ. ಮಂಡ್ಯದ ಛತ್ರವೊಂದರಲ್ಲಿ, ಸದ್ದು ಮಾಡದ ಎಲೆಕ್ಟ್ರಾನಿಕ್ ಶಟರ್ ಬಳಸಿ 1/500 ಸೆಕೆಂಡಿನಲ್ಲಿ ತೆಗೆದ ಧಾರೆಯ ಚಿತ್ರಗಳಲ್ಲಿ ಕಪ್ಪು ಅಡ್ಡಪಟ್ಟಿಗಳು ಬಂದಿವೆ, ಕ್ಯಾಮೆರಾ ಕೆಟ್ಟಿದೆಯೇ ಎಂದು ಕೇಳಿದ್ದೀರಿ. ಕೆಟ್ಟಿರಲಾರದು. ನಮ್ಮ ವಿದ್ಯುತ್ ಪೂರೈಕೆ 50 ಹರ್ಟ್ಸ್‌ನದು (ಸೆಕೆಂಡಿಗೆ 50 ಆವರ್ತನೆ), ಪ್ರತಿ ಆವರ್ತನೆಗೆ ಎರಡು ಬಾರಿ ಬೆಳಕು ಕುಗ್ಗುವುದರಿಂದ ಅಗ್ಗದ ಎಲ್‌ಇಡಿ ದೀಪಗಳು ಸೆಕೆಂಡಿಗೆ 100 ಬಾರಿ ಮಂಕಾಗಿ ಮತ್ತೆ ಬೆಳಗುತ್ತವೆ. ಕಣ್ಣಿಗೆ ಇದು ತಿಳಿಯದಿದ್ದರೂ, ಕ್ಯಾಮೆರಾದ ಸೆನ್ಸರ್ ಚಿತ್ರವನ್ನು ಒಂದೇ ಸಲಕ್ಕಲ್ಲದೆ ಸಾಲುಸಾಲಾಗಿ ಓದುವುದರಿಂದ, ದೀಪ ಮಂಕಾದ ಗಳಿಗೆಗೆ ಸಿಕ್ಕಿದ ಸಾಲುಗಳು ಕಪ್ಪಾಗುತ್ತವೆ.

ಮೆಕ್ಯಾನಿಕಲ್ ಶಟರ್‌ಗೆ (ಸೆನ್ಸರ್ ಮುಂದೆ ನಿಜವಾಗಿ ತೆರೆದು ಮುಚ್ಚುವ ಬಗೆಗೆ) ಬದಲಿಸಿ, ವೇಗವನ್ನು 1/100ಕ್ಕೆ ಇಳಿಸಿರಿ. ಆಗ ಪ್ರತಿ ಸಾಲಿಗೂ ಬೆಳಕಿನ ಒಂದು ಪೂರ್ಣ ಏರಿಳಿತ ದಕ್ಕುತ್ತದೆ. 1/50 ಸಹ ಸರಿಯೇ, ಆದರೆ ಧಾರೆ ಎರೆಯುವ ಕೈ ಮಸುಕಾಗಬಹುದು. ಹೆಚ್ಚಿನ ವೇಗ ಬೇಕೇ ಬೇಕೆಂದಾದರೆ, ದೀಪ ಪ್ರಖರವಾಗುವ ಕ್ಷಣಕ್ಕೆ ಕಾದು ಕ್ಲಿಕ್ಕಿಸುವ ಆಂಟಿ-ಫ್ಲಿಕರ್ ಸೌಲಭ್ಯ ನಿಮ್ಮ ಕ್ಯಾಮೆರಾದ ಮೆನುವಿನಲ್ಲಿದೆಯೇ ನೋಡಿರಿ. ಕರೆಂಟು ಹೋಗಿ ಜನರೇಟರ್ ಶುರುವಾದರೆ (ಮುಹೂರ್ತದ ಹೊತ್ತಿಗೇ ಹೋಗುವುದು ವಾಡಿಕೆ) ಹರ್ಟ್ಸ್ ತುಸು ಆಚೀಚೆಯಾಗಬಹುದಾದ್ದರಿಂದ, ಇನ್ನೊಮ್ಮೆ ಪರೀಕ್ಷಾ ಚಿತ್ರ ತೆಗೆಯಿರಿ. ವೇದಿಕೆಯ ಹಿಂದಿನ ಎಲ್‌ಇಡಿ ಪರದೆಗೆ ಮಾತ್ರ ಈ ಲೆಕ್ಕ ಅನ್ವಯಿಸುವುದಿಲ್ಲ. ಅದರ ಮಿನುಗು ಇನ್ನೂ ವೇಗದ್ದು, ಅಲ್ಲಿ ಶಟರ್ ವೇಗವನ್ನು ಸ್ವಲ್ಪಸ್ವಲ್ಪವೇ ಬದಲಿಸುತ್ತಾ ಪಟ್ಟಿ ಮಾಯವಾಗುವ ಜಾಗವನ್ನು ಹುಡುಕಬೇಕಾಗುತ್ತದೆ.